ಕರುವಿನ ಪಾಲು ಲೆಕ್ಕದೊಳಗೇ ಇರಲಿ

ಪ್ರಶ್ನೆ

ಡಾಕ್ಟರೇ, ನಮ್ಮದು ಬಳ್ಳಾರಿ ಬ್ರೂಸ್‌ಪೇಟೆಯಲ್ಲಿ ಹಳೇ ಮನೆ. ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿ ಎರಡು ಎಚ್‌ಎಫ್ ಮಿಶ್ರತಳಿ ಆಕಳು, ಒಂದು ಎಮ್ಮೆ ಕಟ್ಟಿದ್ದೇನೆ. ಓಣಿಯ ಮನೆಗಳಿಗೆ ಮತ್ತು ಎರಡು ಚಹಾ ಅಂಗಡಿಗೆ ಲೀಟರಿಗೆ 50 ರೂಪಾಯಿಯಂತೆ ಹಾಲು ಹಾಕುತ್ತೇನೆ. ಅವ್ವ ಕುರುಗೋಡಿನವಳು, ದನಕರುಗಳ ನಡುವೆಯೇ ಬೆಳೆದವಳು. ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೇವೆ. ಭಾವ ಅಲ್ಲಿ ಹದಿನೈದು ಎಚ್‌ಎಫ್ ಆಕಳುಗಳ ಡೈರಿ ನಡೆಸುತ್ತಾರೆ, ಮಷಿನ್ನಿನಲ್ಲಿ ಹಿಂಡುತ್ತಾರೆ.

ಹೋದ ಸಲ ನಮ್ಮ ಗೌರಿ ಈದಾಗ ಭಾವನ ಮಾತು ಕೇಳಿ ಮೂರನೇ ದಿನಕ್ಕೆ ಕರುವನ್ನು ಮುಂದಿನ ಪಡಸಾಲೆಗೆ ತಂದು ಕಟ್ಟಿದೆ. ಬಕೆಟ್ಟಿನಲ್ಲಿ ಹಾಲು ಕುಡಿಸಿದೆ. ಆಕಳು ಎರಡು ರಾತ್ರಿ ಒಂದೇ ಸಮನೆ ಒದರಿತು. ಪಕ್ಕದ ಮನೆಯವರು ಪಾಲಿಕೆಗೆ ಅರ್ಜಿ ಕೊಡುತ್ತೇವೆ ಅಂದರು. ಹಾಲೂ ಇಳಿಸಲಿಲ್ಲ, ಕೈಗೆ ಬಂದದ್ದು ಅರ್ಧಕ್ಕರ್ಧ. ಯಾರೋ ಹೇಳಿದರೆಂದು ಕೆಲವು ವಾರ ಸೂಜಿ ಹಾಕಿ ಹಿಂಡಿದೆ. ಕರುವಿಗೆ ಭೇದಿ ಹತ್ತಿ ಹದಿನೆಂಟನೇ ದಿನಕ್ಕೆ ಹೋಯಿತು. ಹುಟ್ಟಿದ ದಿನ ಅದಕ್ಕೇನೂ ಕಡಿಮೆ ಮಾಡಿರಲಿಲ್ಲ. ಮಾಸು ಬೀಳುವ ತನಕ ಮೊಲೆಗೆ ಬಿಡಬಾರದು ಅಂತ ಅವ್ವ ಕಾಯಿಸಿದಳು, ಮಾಸು ಬಿದ್ದದ್ದು ಮರುದಿನ ಬೆಳಗ್ಗೆ. ಆಮೇಲೆ ಹೊಟ್ಟೆ ತುಂಬ ಕುಡಿಸಿ, ಉಳಿದ ಹಾಲಿನಲ್ಲಿ ಗಿಣ್ಣ ಮಾಡಿ ಓಣಿಗೆಲ್ಲ ಹಂಚಿದೆವು.

ಕರು ಹೋದಂದಿನಿಂದ ಅವ್ವ ನಮ್ಮ ಹಾಲು ಮುಟ್ಟಿಲ್ಲ. ಚಹಾವನ್ನೂ ಕರಿದೇ ಕುಡಿಯುತ್ತಾಳೆ. ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಅದೇ ನನಗೆ ಕಷ್ಟ. ಬರುವ ತಿಂಗಳು ಗೌರಿ ಮತ್ತೆ ಈಯುತ್ತದೆ. ಕರು ತಾಯಿ ಹತ್ತಿರವೇ ಇರಲಿ, ಎರಡು ಮೊಲೆ ಅದಕ್ಕೆ, ಎರಡು ನಮಗೆ ಅನ್ನುವುದು ಅವ್ವನ ಮಾತು. ಹಾಗೆ ಮಾಡಿದರೆ ಡೈರಿ ಬಾಗಿಲು ಹಾಕಬೇಕಾಗುತ್ತದೆ, ಈ ಸಲ ಮೂರನೇ ದಿನದ ತನಕ ಕಾಯಬೇಡ, ಹುಟ್ಟಿದ ತಾಸಿನೊಳಗೇ ಬೇರೆ ಮಾಡು ಅನ್ನುವುದು ಭಾವನ ಮಾತು. ಯಾರ ಮಾತು ಕೇಳಲಿ?

— ಹೆಸರು ಬೇಡ, ಬ್ರೂಸ್‌ಪೇಟೆ, ಬಳ್ಳಾರಿ

ಉತ್ತರ

ನಿಮ್ಮ ಮನೆಗೆ, ನಿಮ್ಮ ಮೂರು ಜಾನುವಾರಿಗೆ, ಅವ್ವನವರ ದಾರಿಯೇ ಸರಿ: ಕರು ತಾಯಿಯ ಪಕ್ಕದಲ್ಲಿರಲಿ. ಆದರೆ ಅವರು ಹೇಳಿದ ಹಾಗೆಯೇ ಅಲ್ಲ. ಅವರ ಪದ್ಧತಿಯಲ್ಲಿ ಬಿಡಬೇಕಾದದ್ದು ಒಂದಿದೆ, ಭಾವನವರಿಂದ ಕಲಿಯಬೇಕಾದದ್ದೂ ಒಂದಿದೆ.

ಮೊದಲು ಸತ್ತ ಕರುವಿನ ವಿಷಯ. ಇಡೀ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ನೀವು ಹಗುರವಾಗಿ ಬರೆದು ದಾಟಿಹೋದ ಮಾಸಿನ ಮಾತಿನ ಮೇಲೆ. ಮನುಷ್ಯರಲ್ಲಿ ತಾಯಿಯ ಹೊಟ್ಟೆಯೊಳಗೆ ಮಗುವಿಗೆ ರೋಗನಿರೋಧಕ ಶಕ್ತಿ ರಕ್ತದ ಮೂಲಕ ದಾಟುತ್ತದೆ. ದನಗಳಲ್ಲಿ ಹಾಗಲ್ಲ. ಅವುಗಳ ಮಾಸಿನ ರಚನೆಯೇ ಬೇರೆ, ತಾಯಿಯ ರಕ್ತದಲ್ಲಿರುವ ರಕ್ಷಕ ಪ್ರೋಟೀನುಗಳು ಅದನ್ನು ದಾಟಿ ಕರುವಿಗೆ ಸೇರುವುದಿಲ್ಲ. ಹಾಗಾಗಿ ಕರು ಹುಟ್ಟುವಾಗ ರೋಗದ ವಿಚಾರದಲ್ಲಿ ಬರಿಗೈ. ಆ ರಕ್ಷಣೆ ಪೂರ್ತಿ ಇರುವುದು ಗಿಣ್ಣದ ಹಾಲಿನಲ್ಲಿ. ಅದನ್ನು ಜೀರ್ಣಿಸದೆ ಇಡಿಯಾಗಿ ರಕ್ತಕ್ಕೆ ಎಳೆದುಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಹುಟ್ಟಿದ ಕೆಲವೇ ತಾಸು. ಮೊದಲ ಆರು ತಾಸಿನಲ್ಲಿ ಚೆನ್ನಾಗಿ, ಆಮೇಲೆ ಇಳಿಯುತ್ತ ಹೋಗಿ, 24 ತಾಸಿಗೆ ಬಾಗಿಲು ಮುಚ್ಚಿದಂತೆಯೇ. ಮರುದಿನ ಬೆಳಗ್ಗೆ ಹೊಟ್ಟೆ ತುಂಬ ಕುಡಿಸಿದ ಗಿಣ್ಣ ಕರುವಿಗೆ ಒಳ್ಳೆಯ ಆಹಾರವಾಗಿರಬಹುದು, ರಕ್ಷಣೆಯಾಗಿ ಹೆಚ್ಚು ಉಳಿದಿರಲಿಕ್ಕಿಲ್ಲ.

ಆ ಕರು ಇದರಿಂದಲೇ ಸತ್ತಿತು ಎಂದು ಪತ್ರ ಓದಿ ತೀರ್ಪು ಕೊಡಲಾರೆ. ಬಕೆಟ್ಟಿನ ಸ್ವಚ್ಛತೆ, ಒಮ್ಮೆಲೇ ಹೆಚ್ಚು ಕುಡಿಸಿದ್ದು, ತಣ್ಣಗಿನ ಹಾಲು, ಹೊಕ್ಕುಳಿನಿಂದ ಏರಿದ ಸೋಂಕು, ಇವೆಲ್ಲ ಎರಡು ಮೂರನೇ ವಾರದ ಭೇದಿಗೆ ದಾರಿಗಳೇ. ಆದರೆ ಮೊದಲ ರಾತ್ರಿ ಗಿಣ್ಣ ಸಿಗದ ಕರುವಿಗೆ ಈ ಯಾವ ಪೆಟ್ಟನ್ನೂ ತಾಳುವ ಬಲ ಇರುವುದಿಲ್ಲ. ಮೂರನೇ ದಿನ ಬೇರೆ ಮಾಡಿದ್ದೊಂದೇ ಅದನ್ನು ಕೊಂದಿತು ಎಂದು ನೀವು ಹೊರೆ ಹೊರಬೇಕಾಗಿಲ್ಲ. ಅವ್ವನವರ ಮೇಲೂ ಹೊರಿಸಬೇಡಿ. ಮಾಸು ಬೀಳುವ ಮೊದಲು ಹಾಲು ಮುಟ್ಟಬಾರದು ಎಂಬ ನಂಬಿಕೆ ನಿಮ್ಮ ಮನೆಯದಷ್ಟೇ ಅಲ್ಲ, ಊರೂರಿನಲ್ಲಿದೆ. ನಿಜ ಅದಕ್ಕೆ ತಿರುವುಮುರುವು. ಕರು ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಸುರಿಯುವ ಆಕ್ಸಿಟೋಸಿನ್ ಎಂಬ ರಸ ಹಾಲನ್ನು ಇಳಿಸುವುದಲ್ಲದೆ ಗರ್ಭಕೋಶವನ್ನೂ ಹಿಂಡುತ್ತದೆ. ಕರು ಕುಡಿದರೆ ಮಾಸು ಬೀಳಲು ಅನುಕೂಲವೇ ಹೊರತು ಅಡ್ಡಿಯಿಲ್ಲ. 12 ತಾಸಾದರೂ ಬೀಳದಿದ್ದರೆ ಪಶುವೈದ್ಯರಿಗೆ ತಿಳಿಸಿ, ಕೈ ಹಾಕಿ ಎಳೆಯಬೇಡಿ.

ಈಗ ಭಾವನವರ ಮಾತಿಗೆ ಬರುತ್ತೇನೆ. ಅದನ್ನು ಕಲ್ಲು ಮನಸ್ಸಿನ ಮಾತೆಂದು ತಳ್ಳಬೇಡಿ. ಹುಟ್ಟಿದ ಕೂಡಲೇ ಕರುವನ್ನು ಬೇರೆ ಮಾಡುವ ಪದ್ಧತಿ ಬಂದದ್ದು ಯುರೋಪು, ಅಮೆರಿಕದ ದೊಡ್ಡ ಕೊಟ್ಟಿಗೆಗಳಿಂದ. ನೂರಾರು ಆಕಳುಗಳಿರುವಲ್ಲಿ ಯಾವ ಕರು ಎಷ್ಟು ಕುಡಿಯಿತು ಎಂದು ತಿಳಿಯಲು ಬಕೆಟ್ಟೇ ಸುಲಭ. ಜೋನ್ಸ್ ರೋಗದಂಥ ಕರುಳಿನ ಕಾಯಿಲೆ ತಾಯಿಯ ಸಗಣಿ, ಹಾಲಿನಿಂದ ಕರುವಿಗೆ ದಾಟುತ್ತದೆ, ಆ ಭಯವೂ ಇತ್ತು. ತಾಸಿನೊಳಗೆ ಬೇರೆ ಮಾಡಿದರೆ ತಾಯಿ ಕಡಿಮೆ ಒದರುತ್ತದೆ ಎಂಬುದೂ ಸುಳ್ಳಲ್ಲ. ತಾಯಿ ಕರುವನ್ನು ನೆಕ್ಕಿ ವಾಸನೆ ಹಿಡಿದು ತನ್ನದೆಂದು ಗುರುತು ಮಾಡಿಕೊಳ್ಳಲು ಮೊದಲ ತಾಸಿನ ಕೆಲವು ನಿಮಿಷ ಸಾಕು, ದಿನ ಹೋದಂತೆ ಆ ನಂಟು ಗಟ್ಟಿಯಾಗುತ್ತದೆ. ನೀವು ಹೋದ ಸಲ ಆರಿಸಿಕೊಂಡ ಮೂರನೇ ದಿನ ಆ ಲೆಕ್ಕದಲ್ಲಿ ಕೆಟ್ಟ ಗಳಿಗೆ. ನಂಟು ಬೆಳೆದಿತ್ತು, ಕರು ಬೇರೆ ಮೇವು ತಿನ್ನುವ ವಯಸ್ಸಿಗೆ ಬಂದಿರಲಿಲ್ಲ, ಮೊಲೆ ತಪ್ಪಿದ್ದೂ ತಾಯಿ ಮರೆಯಾದದ್ದೂ ಒಂದೇ ದಿನ.

ಆದರೆ ಬೇಗ ಬೇರೆ ಮಾಡಿದರೆ ಕರುವಿನ, ತಾಯಿಯ ಆರೋಗ್ಯ ಚೆನ್ನಾಗಿರುತ್ತದೆ ಎಂಬ ಮಾತಿಗೆ ಈಗ ಹಿಂದಿನ ಬಲವಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ತಾವೂ ಇತರರೂ ಮಾಡಿದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ 2019ರಲ್ಲಿ ಪ್ರಕಟಿಸಿದರು. ಬೇಗ ಬೇರೆ ಮಾಡಿದ್ದರಿಂದ ಭೇದಿ, ನ್ಯುಮೋನಿಯ ಕಡಿಮೆಯಾಗುತ್ತವೆ ಎಂಬುದಕ್ಕೆ ಅವರಿಗೆ ಒಂದೇ ತೆರನಾದ ಸಾಕ್ಷ್ಯ ಸಿಗಲಿಲ್ಲ. ಕರು ಮೊಲೆ ಚೀಪುವ ಆಕಳುಗಳಲ್ಲಿ ಕೆಚ್ಚಲುಬಾವು ಹೆಚ್ಚಾಗಿರಲಿಲ್ಲ, ಕೆಲವೆಡೆ ಕಡಿಮೆಯೇ ಇತ್ತು. ತಾಯಿಯ ಜೊತೆ ಇದ್ದ ಕರುಗಳು ಮೈಯಲ್ಲಿ ಮುಂದಿದ್ದವು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ 2023ರಲ್ಲಿ ಕರುವನ್ನು ಕನಿಷ್ಠ ಒಂದು ದಿನ ತಾಯಿಯ ಜೊತೆ ಇಡಬೇಕು, ಆ ಅವಧಿಯನ್ನು ಕ್ರಮೇಣ ಹೆಚ್ಚಿಸುತ್ತ ಹೋಗಬೇಕು ಎಂದು ಅಭಿಪ್ರಾಯ ಕೊಟ್ಟಿತು. ಕರುವನ್ನು ಬೇರೆ ಮಾಡುವುದನ್ನು ನಮಗೆ ಕಲಿಸಿದ ಊರುಗಳಲ್ಲೇ ಈಗ ಒಟ್ಟಿಗೆ ಇಡುವುದು ಹೇಗೆಂಬ ಪ್ರಯೋಗ ನಡೆಯುತ್ತಿದೆ.

ಹಾಲು ಇಳಿಸದ ಸಂಗತಿಯೂ ಇಲ್ಲಿಗೇ ಸೇರಿದ್ದು. ಕೆಚ್ಚಲಿನ ಹಾಲಿನಲ್ಲಿ ಸ್ವಲ್ಪ ಭಾಗ ಮಾತ್ರ ಕೆಳಗೆ ನಿಂತಿರುತ್ತದೆ, ಹೆಚ್ಚಿನದು ಮೇಲಿನ ಸಣ್ಣ ಸಣ್ಣ ಚೀಲಗಳಲ್ಲಿರುತ್ತದೆ. ಮೊಲೆಗೆ ಕರುವಿನ ಬಾಯಿಯೋ ಪರಿಚಯದ ಕೈಯೋ ತಾಕಿದಾಗ ಮಿದುಳಿನ ಬುಡದಿಂದ ಹೊರಟ ಆಕ್ಸಿಟೋಸಿನ್ ಸುಮಾರು ಒಂದು ನಿಮಿಷದಲ್ಲಿ ಕೆಚ್ಚಲು ಮುಟ್ಟಿ ಆ ಚೀಲಗಳನ್ನು ಒತ್ತುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ. ಆಕಳು ಹೆದರಿದ್ದರೆ, ಕಳವಳದಲ್ಲಿದ್ದರೆ, ಆ ರಸ ಹೊರಡುವುದೇ ಇಲ್ಲ. ಹಾಲು ಏರಿಸಿಕೊಂಡಿತು ಎಂದು ನಾವು ಬೈಯುವುದು ಇದನ್ನೇ. ನಮ್ಮ ಜವಾರಿ ಆಕಳು, ಎಮ್ಮೆಗಳಿಗೆ ಕರುವಿನ ಸ್ಪರ್ಶ ಬೇಕೇ ಬೇಕು. ಎಚ್‌ಎಫ್ ತಳಿಯನ್ನು ತಲೆತಲಾಂತರದಿಂದ ಕರು ಇಲ್ಲದೆ ಹಾಲು ಕೊಡುವ ಹಾಗೆ ಆರಿಸಿ ಬೆಳೆಸಿದ್ದಾರೆ. ನಿಮ್ಮ ಗೌರಿ ಎರಡರ ನಡುವಿನದು. ಭಾವನವರ ಆಕಳುಗಳು ಮೊದಲ ಸೂಲಿನಿಂದಲೇ ಮಷಿನ್ನಿಗೆ ಒಗ್ಗಿದವು. ಅಲ್ಲಿ ನಡೆದದ್ದು ನಿಮ್ಮ ಹಿತ್ತಲಲ್ಲಿ ನಡೆಯಲಿಲ್ಲ ಎಂದರೆ ಅದು ನಿಮ್ಮ ಕೈಯ ದೋಷವಲ್ಲ.

ಸೂಜಿಯ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ನೀವು ಹಾಕಿದ್ದು ಆಕ್ಸಿಟೋಸಿನ್ನೇ ಆಗಿದ್ದಿರಬೇಕು. ಅದು ವೈದ್ಯರ ಚೀಟಿಯ ಮೇಲೆ, ಹೆರಿಗೆಯ ತೊಂದರೆಗಳಿಗೆಂದು ಇರುವ ಔಷಧ. ದಿನವೂ ಹೊರಗಿನಿಂದ ಹಾಕುತ್ತ ಹೋದರೆ ಆಕಳು ಅದಿಲ್ಲದೆ ಹಾಲು ಬಿಡುವುದನ್ನೇ ಮರೆಯುತ್ತದೆ. ಹಾಲು ಹೆಚ್ಚಿಸಲು ಆಕಳಿಗೆ ಕೆಡುಕಾಗುವ ಸೂಜಿ ಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 12ನೇ ಕಲಮಿನಡಿ ಶಿಕ್ಷಾರ್ಹ ಅಪರಾಧ. ಅದೇ ಕಲಮು ‘ಫೂಕಾ’ ಎಂಬ ಹಳೆಯ ಕ್ರೌರ್ಯವನ್ನೂ ಹೆಸರಿಸಿ ನಿಷೇಧಿಸಿದೆ. ಕರು ಸತ್ತ ಆಕಳಿನ ಹಿಂಭಾಗಕ್ಕೆ ಗಾಳಿ ಊದಿ ಹಾಲು ಇಳಿಸುತ್ತಿದ್ದ ಪದ್ಧತಿ ಅದು. ಕಲಕತ್ತೆಯಲ್ಲಿ ಇದು ನಡೆಯುತ್ತದೆಂದು ತಿಳಿದದ್ದು ಗಾಂಧೀಜಿ ಹಾಲು ಬಿಡುವ ವ್ರತ ತೊಟ್ಟದ್ದಕ್ಕೆ ಒಂದು ಕಾರಣ ಎಂದು ಅವರ ಆತ್ಮಕಥೆಯಲ್ಲಿದೆ. ಮುಂದೆ 1918ರ ಕಾಯಿಲೆಯಲ್ಲಿ ಕಸ್ತೂರಬಾ ಅವರ ಸಲಹೆಯಂತೆ ಮೇಕೆ ಹಾಲಿಗೆ ಒಪ್ಪಿದರು. ಕರಿ ಚಹಾ ಕುಡಿಯುವ ನಿಮ್ಮ ಅವ್ವನವರ ಸಿಟ್ಟಿಗೆ ದೊಡ್ಡವರ ಜೊತೆಯಿದೆ. ಈ ಸಲ ಸೂಜಿಯನ್ನು ಮನೆಯೊಳಗೆ ತರಬೇಡಿ.

ಇನ್ನು ಮಾಡಬೇಕಾದ್ದು.

ಈಯುವ ದಿನ. ಒಣ ಜಾಗ ಮಾಡಿ ಭತ್ತದ ಹುಲ್ಲು ದಪ್ಪಗೆ ಹಾಸಿ. ಕರು ಬಿದ್ದ ಮೇಲೆ ಮೂಗು, ಬಾಯಿಯ ಲೋಳೆ ತೆಗೆದು ತಾಯಿಯ ಮುಂದೆ ಹಾಕಿ, ನೆಕ್ಕಲಿ. ನೆಕ್ಕಿದಷ್ಟೂ ಕರುವಿನ ಉಸಿರು, ರಕ್ತ ಸಂಚಾರ ಚುರುಕಾಗುತ್ತದೆ. ಹೊಕ್ಕುಳ ಬಳ್ಳಿಯನ್ನು ಟಿಂಕ್ಚರ್ ಅಯೋಡಿನ್ನಿನಲ್ಲಿ ಅದ್ದಿ. ಇಲ್ಲಿ ಭಾವನವರ ಶಿಸ್ತು ಬೇಕು: ತಾಯಿಯ ಹತ್ತಿರ ಬಿಟ್ಟಿದ್ದೇವೆ, ತಾನೇ ಕುಡಿಯುತ್ತದೆ ಎಂದು ನಂಬಿ ಕೂರಬೇಡಿ. ಮಿಶ್ರತಳಿಯ ಜೋತುಬಿದ್ದ ಕೆಚ್ಚಲಿನಲ್ಲಿ ಎಷ್ಟೋ ಕರುಗಳಿಗೆ ಮೊಲೆ ಹುಡುಕುವಷ್ಟರಲ್ಲೇ ಆರು ತಾಸು ಕಳೆದಿರುತ್ತದೆ. ಕೆಚ್ಚಲು ತೊಳೆದು, ಕರುವನ್ನು ಎತ್ತಿ ನಿಲ್ಲಿಸಿ, ಮೊದಲ ಎರಡು ತಾಸಿನೊಳಗೆ ಬಾಯಿಗೆ ಮೊಲೆ ಕೊಡಿ. ಚೀಪದಿದ್ದರೆ ಗಿಣ್ಣ ಹಿಂಡಿ ನಿಪ್ಪಲ್ ಬಾಟಲಿಯಲ್ಲಿ ಕುಡಿಸಿ. 30 ಕಿಲೋದ ಕರುವಿಗೆ ಮೊದಲ ದಿನ ಕಡಿಮೆಯೆಂದರೂ 3 ಲೀಟರ್ ಹೋಗಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆರು ತಾಸಿನೊಳಗೆ. ಓಣಿಗೆ ಗಿಣ್ಣ ಹಂಚಲೇಬೇಕೆಂದರೆ ಎರಡನೇ ದಿನದಿಂದ, ಕರು ಕುಡಿದು ಮಿಕ್ಕದ್ದನ್ನು ಹಂಚಿ.

ಮೊದಲ ಐದು ದಿನ. ತಾಯಿ, ಕರು ಪೂರ್ತಿ ಒಟ್ಟಿಗೆ ಇರಲಿ. ಈ ದಿನಗಳ ಹಾಲನ್ನು ಹೇಗೂ ಮಾರುವಂತಿಲ್ಲ. ಕಾಯಿಸಿದರೆ ಒಡೆಯುತ್ತದೆ, ಡೈರಿಯೂ ತೆಗೆದುಕೊಳ್ಳುವುದಿಲ್ಲ, ಚಹಾ ಅಂಗಡಿಗೂ ಬೇಡ. ಅಂದರೆ ಕರುವನ್ನು ಜೊತೆಗಿಡಲು ನಿಮಗೆ ಒಂದು ಪೈಸೆಯೂ ಖರ್ಚಿಲ್ಲ. ಹೋದ ಸಲ ನೀವು ಬೇರೆ ಮಾಡಿದ್ದು ಈ ಖರ್ಚಿಲ್ಲದ ದಿನಗಳಲ್ಲೇ. ಕರು ಕುಡಿದ ಮೇಲೂ ಕೆಚ್ಚಲು ಬಿಗಿದಿದ್ದರೆ ಬಿಗುವು ಇಳಿಯುವಷ್ಟು ಹಿಂಡಿ ತೆಗೆಯಿರಿ.

ಆರನೇ ದಿನದಿಂದ. ತಾಯಿಯ ಗೋದಲಿಯ ಪಕ್ಕದಲ್ಲೇ ಬಿದಿರಿನ ಗಳವೋ ಹಳೆಯ ಪೈಪೋ ಅಡ್ಡ ಕಟ್ಟಿ ಕರುವಿಗೊಂದು ಮೂಲೆ ಮಾಡಿ. ತಾಯಿ ಕತ್ತು ಚಾಚಿದರೆ ಕರುವನ್ನು ನೆಕ್ಕಲು ಸಿಗಬೇಕು, ಕರುವಿಗೆ ಕೆಚ್ಚಲು ಸಿಗಬಾರದು. ಕಣ್ಣಿಗೆ, ಮೂಗಿಗೆ ಕರು ಸಿಕ್ಕ ಆಕಳು ರಾತ್ರಿ ಒದರುವುದು ಬಹಳ ಕಡಿಮೆ. ಪಕ್ಕದ ಮನೆಯವರ ಅರ್ಜಿಗೂ ಇದೇ ಉತ್ತರ.

ಹಿಂಡುವಾಗ ಮೊದಲು ಕರುವನ್ನು ಬಿಡಿ. ಒಂದು ನಿಮಿಷ ನಾಲ್ಕೂ ಮೊಲೆಗೆ ಬಾಯಿ ಹಾಕಲಿ, ಆಕಳು ಹಾಲು ಬಿಟ್ಟದ್ದು ಮೊಲೆಗಳು ಉಬ್ಬಿದ್ದರಿಂದಲೇ ತಿಳಿಯುತ್ತದೆ. ಆಗ ಕರುವನ್ನು ತಾಯಿಯ ಮುಖದ ಹತ್ತಿರ ಕಟ್ಟಿ, ಕೆಚ್ಚಲು ಒರೆಸಿ, ಮೂರು ಮೊಲೆಗಳನ್ನು ಬೇಗ ಬೇಗ, ಕೊನೆಯ ಹನಿಯ ತನಕ ಹಿಂಡಿ. ನಾಲ್ಕನೆಯದನ್ನು ಮುಟ್ಟಬೇಡಿ, ಅದು ಕರುವಿನದು. ಬಳಿಕ ಅರ್ಧ ತಾಸು ಕರುವನ್ನು ತಾಯಿಯ ಜೊತೆ ಬಿಡಿ.

ನಾಲ್ಕು ಮೊಲೆಯಲ್ಲೂ ಒಂದಿಷ್ಟು ಉಳಿಸಿ ಬಿಡುವುದು ಹಳೆಯ ರೂಢಿ. ಅದರಲ್ಲಿ ನಿಮಗೆ ನಷ್ಟವಿದೆ. ಮೊದಲು ಬರುವ ಹಾಲು ತೆಳು, ಜಿಡ್ಡೆಲ್ಲ ಕೊನೆಯ ಹಾಲಿನಲ್ಲಿ. ಎಲ್ಲ ಮೊಲೆಯ ಕೊನೆಯ ಹಾಲನ್ನು ಕರುವಿಗೆ ಬಿಟ್ಟರೆ ನಿಮ್ಮ ಕೊಡಕ್ಕೆ ಬರುವುದು ತೆಳು ಹಾಲು. ಚಹಾ ಅಂಗಡಿಯವರು ನೀರು ಬೆರೆಸಿದ್ದೀರಿ ಅನ್ನುತ್ತಾರೆ. ನಾಳೆ ರಾಬಕೊವಿ ಒಕ್ಕೂಟದ ಸಂಘಕ್ಕೆ ಹಾಲು ಹಾಕುವ ಯೋಚನೆ ಬಂದರೆ ಅಲ್ಲಿಯೂ ಫ್ಯಾಟ್, ಎಸ್‌ಎನ್‌ಎಫ್ ನೋಡಿಯೇ ದರ. ಒಂದು ಮೊಲೆಯನ್ನು ಪೂರ್ತಿ ಕರುವಿಗೆ ಕೊಟ್ಟು ಮೂರನ್ನು ಪೂರ್ತಿ ನೀವು ತೆಗೆದುಕೊಂಡರೆ ಇಬ್ಬರಿಗೂ ಗಟ್ಟಿ ಹಾಲು.

ಹಿಂದಿನ ಎರಡು ಮೊಲೆಗಳಲ್ಲಿ ಹಾಲು ಹೆಚ್ಚು, ಮುಂದಿನವುಗಳಲ್ಲಿ ಕಡಿಮೆ. ಮೊದಲ ತಿಂಗಳು ಹಿಂದಿನ ಒಂದು ಮೊಲೆ ಕರುವಿಗೆ, ಇಂದು ಎಡ, ನಾಳೆ ಬಲ. ಎರಡನೇ ತಿಂಗಳು ಮುಂದಿನ ಮೊಲೆ. ಆಮೇಲೆ ಬೆಳಗ್ಗೆ ಮಾತ್ರ. ಹೀಗೆ ಹಾಲು ತಾನಾಗಿ ಇಳಿಯುತ್ತ ಬರುತ್ತದೆ, ಯಾವ ದಿನವೂ ಕರುವಿಗೆ ತಟಕ್ಕನೆ ಕಡಿದಂತಾಗುವುದಿಲ್ಲ. ಎರಡನೇ ವಾರದಿಂದ ಕರುಗಳ ಪಶು ಆಹಾರ ಒಂದು ಹಿಡಿ, ಎಳೆ ಹಸಿರು ಹುಲ್ಲು ಮುಂದಿಡಿ. ಶುದ್ಧ ನೀರು ಮೊದಲ ವಾರದಿಂದಲೇ ಸದಾ ಇರಲಿ. ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಕೆಳಗೆ ಕರು ಬೇಗ ಒಣಗುತ್ತದೆ, ಹಾಲು ಕುಡಿಯುತ್ತದಲ್ಲ ನೀರೇಕೆ ಎನ್ನಬೇಡಿ. ತಗಡಿನ ಮೇಲೆ ತೆಂಗಿನ ಗರಿಯೋ ಜೋಳದ ಸೊಪ್ಪೆಯೋ ಹೊದಿಸಿದರೆ ಮೂರಕ್ಕೂ ತಂಪು. ಸಿರುಗುಪ್ಪದಿಂದ ಬರುವ ಭತ್ತದ ಹುಲ್ಲು ದೊಡ್ಡ ದನಗಳ ಹೊಟ್ಟೆ ತುಂಬಿಸಬಹುದು, ಕರುವನ್ನು ಬೆಳೆಸಲಾರದು.

ಹಾಲು ಬಿಡಿಸುವುದು. ಕರು ದಿನಕ್ಕೆ ಮುಕ್ಕಾಲಿನಿಂದ ಒಂದು ಕಿಲೋ ಪಶು ಆಹಾರವನ್ನು ಸತತ ಮೂರು ದಿನ ತಿಂದಿತೆಂದರೆ ಹಾಲು ಬಿಡಿಸಬಹುದು. ಸಾಮಾನ್ಯವಾಗಿ ಎರಡೂವರೆ, ಮೂರು ತಿಂಗಳಿಗೆ ಆ ಹಂತ ಬರುತ್ತದೆ. ಆಗ ಹಾಲು ಬಿಡಿಸುವುದನ್ನೂ ತಾಯಿಯಿಂದ ದೂರ ಮಾಡುವುದನ್ನೂ ಒಂದೇ ದಿನ ಮಾಡಬೇಡಿ. ಮೊದಲು ಮೊಲೆ ನಿಲ್ಲಿಸಿ, ಕರು ಮಾತ್ರ ಅದೇ ಮೂಲೆಯಲ್ಲಿ ತಾಯಿಯ ಪಕ್ಕದಲ್ಲೇ ಇರಲಿ. ವಾರ ಕಳೆದು ಇಬ್ಬರೂ ಶಾಂತವಾದ ಮೇಲೆ ಜಾಗ ಬದಲಿಸಿ. ಎರಡು ಹೆಜ್ಜೆಯಲ್ಲಿ ಹೀಗೆ ಬಿಡಿಸಿದ ಕರುಗಳು ಒದರುವುದೂ ತಿರುಗಾಡುವುದೂ ತೀರ ಕಡಿಮೆ ಎಂದು ಕೆನಡಾದ ಅಧ್ಯಯನಗಳೂ ಹೇಳುತ್ತವೆ. ಮೂತಿಗೆ ಮುಳ್ಳು ಕಟ್ಟಿ ತಾಯಿಯೇ ಒದೆಯುವಂತೆ ಮಾಡುವ ಹಳೇ ಉಪಾಯ ಬೇಡ.

ಎಮ್ಮೆಯದೂ ಇದೇ ಕ್ರಮ. ಅದಕ್ಕೆ ಕರು ಇನ್ನೂ ಹೆಚ್ಚು ಅಗತ್ಯ. ಎಮ್ಮೆಗರುಗಳಿಗೆ ತಾಯಿಯ ಹಾಲಿನಿಂದಲೇ ದುಂಡುಹುಳು ದಾಟುತ್ತದೆ, ಆದ್ದರಿಂದ ಹತ್ತರಿಂದ ಹದಿನಾಲ್ಕನೇ ದಿನದೊಳಗೆ ಜಂತುಹುಳುವಿನ ಔಷಧ ಕೊಡಿಸಿ. ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳ ನಡುವೆ ಕಂದುರೋಗದ ಲಸಿಕೆ, ನಾಲ್ಕು ತಿಂಗಳಿಂದ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬೇಡಿ. ಭೇದಿ ಹತ್ತಿದರೆ ಹಾಲು ಪೂರ್ತಿ ನಿಲ್ಲಿಸುವುದು ತಪ್ಪು, ಜೊತೆಗೆ ಓಆರ್‌ಎಸ್ ನೀರು ಕುಡಿಸಿ. ಕಣ್ಣು ಗುಳಿ ಬಿದ್ದರೆ, ಬಾಯಿಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ, ಕರು ಏಳದಿದ್ದರೆ, ಬೆಳಗಾಗುವ ತನಕ ಕಾಯದೆ ವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಫೋನು ಮಾಡಬಹುದು.

ಈಗ ದುಡ್ಡಿನ ಮಾತು. ಅವ್ವನವರ ಎರಡು ಮೊಲೆಯ ಲೆಕ್ಕ ಜವಾರಿ ಆಕಳಿನ ಕಾಲದ್ದು. ದಿನಕ್ಕೆ ಎರಡು ಮೂರು ಲೀಟರ್ ಕೊಡುವ ಆಕಳಿನಲ್ಲಿ ಅರ್ಧ ಬಿಡದಿದ್ದರೆ ಕರು ಬದುಕುತ್ತಿರಲಿಲ್ಲ. ದಿನಕ್ಕೆ 12 ಲೀಟರ್ ಕೊಡುವ ಆಕಳಿನಲ್ಲಿ ಅರ್ಧ ಬಿಟ್ಟರೆ ಆರು ಲೀಟರ್, ಅದು ನಿಮಗೆ ಭಾರವೇ. ಒಂದು ಹಿಂದಿನ ಮೊಲೆಯ ಲೆಕ್ಕದಲ್ಲಿ ಕರುವಿಗೆ ಮೂರೂವರೆ, ಮೇಲೆ ಅಲ್ಲಿ ಇಲ್ಲಿ ಚೀಪಿದ್ದು ಸೇರಿ ನಾಲ್ಕೂವರೆ ಲೀಟರ್ ಹೋದೀತು. ಭಾವನವರು ಇದನ್ನು ಪೂರ್ತಿ ನಷ್ಟದ ಬಾಬತ್ತಿಗೆ ಹಾಕುತ್ತಾರೆ. ಆದರೆ ಬಕೆಟ್ಟಿನಲ್ಲಿ ಸಾಕಿದರೂ ಕರುವಿಗೆ ತೂಕದ ಹತ್ತನೇ ಒಂದು ಪಾಲು, ಅಂದರೆ ದಿನಕ್ಕೆ 3 ಲೀಟರ್, ಕೊಡಲೇಬೇಕು. ಹೆಚ್ಚಿಗೆ ಹೋಗುವುದು ಒಂದೂವರೆ ಲೀಟರ್ ಅಷ್ಟೇ. ದಿನಕ್ಕೆ 75 ರೂಪಾಯಿ, 75 ದಿನಕ್ಕೆ ಸುಮಾರು 5,600 ರೂಪಾಯಿ. ಇದರ ಎದುರಿಗೆ ಹೋದ ಸಲದ್ದನ್ನು ಬರೆಯಿರಿ: ಸೂಜಿಯ ಖರ್ಚು, ಆಕಳು ಏರಿಸಿಕೊಂಡ ಹಾಲು, ಭೇದಿಯ ಔಷಧಿ, ಸತ್ತ ಕರು. ಕರು ಹಾಕಿದ ಮಿಶ್ರತಳಿ ಆಕಳಿಗೆ ಸಂತೆಯಲ್ಲಿ ಏನು ದರವಿದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಗಂಡುಗರು ಹುಟ್ಟಿದರೆ? ಈ ಪ್ರಶ್ನೆ ನೀವು ಕೇಳಿಲ್ಲ, ಆದರೆ ಎಲ್ಲ ಡೈರಿಗಳ ಬಾಯಿಗೆ ಬಾರದ ಪ್ರಶ್ನೆ ಇದೇ. ಮಿಶ್ರತಳಿಯ ಗಂಡುಗರು ಹೊಲದ ಕೆಲಸಕ್ಕೆ ಯಾರಿಗೂ ಬೇಡ. ಹಾಲು ಕೊಡದೆ ತಾನಾಗಿ ಸಾಯಲಿ ಎಂದು ಕಟ್ಟಿಹಾಕುವುದು, ರಾತ್ರಿ ಹೊತ್ತು ಬೀದಿಗೆ ಬಿಟ್ಟುಬರುವುದು ಎರಡೂ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಅಪರಾಧ. ಜಾನುವಾರು ಹತ್ಯೆ ತಡೆಯುವ ರಾಜ್ಯದ 2020ರ ಕಾಯಿದೆ ಬಂದ ಮೇಲೆ ಮಾರುವ ದಾರಿಯೂ ಕಿರಿದಾಗಿದೆ. ಗಂಡಾದರೂ ಗಿಣ್ಣ, ಹಾಲು ಅಷ್ಟೇ ಕೊಡಿ. ಹಳ್ಳಿಯಲ್ಲಿ ಸಾಕುವವರನ್ನು ಮೊದಲೇ ವಿಚಾರಿಸಿಡಿ. ಮುಂದಿನ ಸಲ ಗಬ್ಬ ಕಟ್ಟಿಸುವಾಗ ಹೆಣ್ಣುಗರುವೇ ಹುಟ್ಟುವಂತೆ ಲಿಂಗ ಬೇರ್ಪಡಿಸಿದ ವೀರ್ಯದ ನಳಿಕೆ ಕೇಳಿ. ಹತ್ತರಲ್ಲಿ ಒಂಬತ್ತು ಹೆಣ್ಣಾಗುತ್ತವೆ.

ಕೊನೆಗೆ ಮನೆಯ ಮಂದಿ. ಅವ್ವನವರಿಗೆ, ನಿನ್ನಿಂದಲೇ ಕರು ಹೋಯಿತು ಎಂಬ ಅರ್ಥ ಬರುವ ಒಂದು ಮಾತೂ ಬೇಡ. “ಕರು ಈ ಸಲ ತಾಯಿ ಹತ್ತಿರವೇ ಇರುತ್ತದವ್ವ, ನೀನು ಹೇಳಿದ್ದೇ ಆಗಲಿ. ಮಾಸಿನ ತನಕ ಕಾಯಿಸುವುದೊಂದು ಬೇಡವಂತೆ, ಕುಡಿದರೆ ಅದು ಬೇಗ ಬೀಳುತ್ತದಂತೆ” ಎಂದು ಹೇಳಿ. ಡಾಕ್ಟರು ಹೇಳಿದರು ಎಂದು ನನ್ನ ಮೇಲೆ ಹಾಕಿ, ಅಡ್ಡಿಯಿಲ್ಲ. ಮೊದಲ ಆರು ತಾಸು ಕರು ಎಷ್ಟು ಸಲ, ಎಷ್ಟು ಹೊತ್ತು ಚೀಪಿತು ಎಂದು ನೋಡುವ ಕೆಲಸ ಅವರಿಗೇ ಕೊಡಿ. ದನದ ಮೈ ಓದುವ ಕಣ್ಣು ನಿಮ್ಮ ಮನೆಯಲ್ಲಿ ಅವರಷ್ಟು ಯಾರಿಗೂ ಇಲ್ಲ. ಚಹಾಕ್ಕೆ ಹಾಲು ಹಾಕಿಕೋ ಎಂದು ಮಾತ್ರ ಒತ್ತಾಯ ಮಾಡಬೇಡಿ, ಅದು ಅವರಿಗೆ ಬಿಟ್ಟದ್ದು.

ಭಾವನವರ ಜೊತೆ ವಾದಕ್ಕೆ ಇಳಿಯಬೇಡಿ. ಹದಿನೈದು ಆಕಳು, ಮಷಿನ್ನು, ಕೂಲಿಯಾಳುಗಳ ಲೆಕ್ಕ ಅವರದು. ಅಲ್ಲಿ ಬೇಗ ಬೇರೆ ಮಾಡುವುದೇ ನಡೆಯುವುದಾದರೆ ಮೊದಲ ಆರು ತಾಸಿನ ಗಿಣ್ಣ, ತೊಳೆದ ಬಕೆಟ್ಟು, ಕರುಗಳನ್ನು ಒಂಟಿಯಾಗಿಡದೆ ಜೋಡಿಯಾಗಿಡುವುದು, ಇಷ್ಟಿದ್ದರೆ ಅವರ ಕರುಗಳೂ ಚೆನ್ನಾಗಿ ಬೆಳೆಯುತ್ತವೆ. ನಿಮ್ಮದು ಮೂರು ಜಾನುವಾರಿನ ಹಿತ್ತಲು. ಅವರು ಹಾಲು ಅಳೆಯುವ ಹಾಗೆ ನೀವೂ ಅಳೆಯಿರಿ, ಅವರಿಂದ ಕಲಿಯಬೇಕಾದದ್ದು ಅದು. ಒಂದು ನೋಟ್‌ಬುಕ್ಕಿನಲ್ಲಿ ಎರಡೂ ಹೊತ್ತಿನ ಹಾಲು ಬರೆಯಿರಿ. ವಾರಕ್ಕೊಮ್ಮೆ ಮುಂಗಾಲಿನ ಹಿಂದೆ ಟೇಪು ಸುತ್ತಿ ಕರುವಿನ ಎದೆಯಳತೆ ಬರೆಯಿರಿ. ದಿನಕ್ಕೆ 400ರಿಂದ 500 ಗ್ರಾಂ ಕೂಡುವ ಕರು ತಿಂಗಳಲ್ಲಿ 12ರಿಂದ 15 ಕಿಲೋ ಏರಬೇಕು. ಪಶು ಆಸ್ಪತ್ರೆಯಲ್ಲಿ ಎದೆಯಳತೆಯಿಂದ ತೂಕ ಲೆಕ್ಕ ಹಾಕಿಕೊಡುತ್ತಾರೆ. ಅಷ್ಟು ಏರದಿದ್ದರೆ ಇನ್ನೊಂದು ಮೊಲೆಯಲ್ಲಿ ಒಂದಿಷ್ಟು ಬಿಡಿ. ಕರು ಚೆನ್ನಾಗಿ ಬೆಳೆಯುತ್ತಿದ್ದು ನಿಮ್ಮ ಹಾಲು ತೀರ ಇಳಿದಿದ್ದರೆ, ತಿಂಗಳು ತುಂಬುವ ಮೊದಲೇ ಮುಂದಿನ ಮೊಲೆಗೆ ಬದಲಿಸಿ.

ಆ ನೋಟ್‌ಬುಕ್ಕಿನಲ್ಲಿ ಹಿಂಡಿ, ಬೂಸಾ, ಮೇವಿನ ಖರ್ಚು ಬರೆಯುವ ಪುಟದಲ್ಲೇ ಕರುವಿನ ಹಾಲಿಗೂ ಒಂದು ಸಾಲು ಹಾಕಿ. ಹಿಂಡಿಗೆ ಕೊಟ್ಟ ದುಡ್ಡನ್ನು ಯಾರೂ ನಷ್ಟ ಎನ್ನುವುದಿಲ್ಲ. ಕರುವಿನ ಹಾಲೂ ಹಾಗೆಯೇ, ಮುಂದಿನ ಆಕಳಿಗೆ ಹಾಕುವ ಬಂಡವಾಳ. ಈ ಸಾಲು ಬರೆದ ಮೇಲೂ ಹೊಂದಿಕೆಯಾಗದಿದ್ದರೆ, ಎರಡು ಆಕಳು ಕಟ್ಟುವ ಬದಲು ಒಂದನ್ನು ಕಟ್ಟಿ. ಕರುವಿನ ಪಾಲು ಕಳೆದು ಉಳಿದದ್ದರಲ್ಲಿ ನಡೆಯದ ವ್ಯಾಪಾರ ಕರುವಿನ ಪಾಲು ತಿಂದರೂ ಬಹಳ ದಿನ ನಡೆಯುವುದಿಲ್ಲ.